ಕಾಕ್ಲಿಯರ್ ಇಂಪ್ಲಾಂಟ್ ಪೂರ್ವ ಕಿವಿಯ ಚಿತ್ರಣ

ಕಾಕ್ಲಿಯರ್ ಇಂಪ್ಲಾಂಟ್ ಪೂರ್ವ ಕಿವಿಯ ಚಿತ್ರಣವು ತೀವ್ರ ಶ್ರವಣದೋಷವುಳ್ಳವರ ಒಳಕಿವಿಯಲ್ಲಿ ಎಲೆಕ್ಟ್ರೋಡ್ ಅಳವಡಿಸುವ ಮೊದಲು ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನ್‌ಗಳ ಮೂಲಕ ಕಿವಿಯ ರಚನೆಯನ್ನು ಪರಿಶೀಲಿಸುವ ವಿಧಾನವಾಗಿದೆ. ಶ್ರವಣ ಪರೀಕ್ಷೆಗಳು ಕಿವುಡಿನ ಪ್ರಮಾಣವನ್ನು ಅಳೆಯುತ್ತವೆ. ಎಲೆಕ್ಟ್ರೋಡ್ ಕೂರಲು ಸ್ಥಳವಿದೆಯೇ, ಅದು ನೀಡುವ ಸಂಕೇತವನ್ನು ಮಿದುಳಿಗೆ ಒಯ್ಯಲು ನರವಿದೆಯೇ ಎಂಬುದನ್ನು ಚಿತ್ರಣವೇ ತಿಳಿಸಬೇಕು.

ಸಿ.ಟಿ. ಸ್ಕ್ಯಾನ್

ಕಾಕ್ಲಿಯಾ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುರುಳಿಯಾಗಿರುವ, ಟೆಂಪೊರಲ್ ಮೂಳೆಯೊಳಗಿನ ಅಂಗ. ಒಂದು ಮಿಲಿಮೀಟರಿಗಿಂತ ತೆಳುವಾದ ಪದರಗಳಲ್ಲಿ ತೆಗೆದ ಸಿ.ಟಿ. ಚಿತ್ರಗಳಲ್ಲಿ ಈ ಮೂಳೆಯ ವಿವರಗಳು ಸ್ಪಷ್ಟವಾಗಿ ಕಾಣುತ್ತವೆ. ಶಸ್ತ್ರವೈದ್ಯರು ಕಿವಿಯ ಹಿಂಬದಿಯ ಮಾಸ್ಟಾಯ್ಡ್ ಮೂಳೆಯನ್ನು ಕೊರೆದು, ಮುಖನರದ ಪಕ್ಕದ ಕಿರಿದಾದ ಸಂದಿಯ ಮೂಲಕ ಮಧ್ಯಕಿವಿಯನ್ನು ಪ್ರವೇಶಿಸುತ್ತಾರೆ. ಮುಖನರವು ದಾರಿತಪ್ಪಿ ಸಾಗಿದ್ದರೆ ಅಥವಾ ಕುತ್ತಿಗೆಯ ದೊಡ್ಡ ಅಭಿಧಮನಿಯ ಉಬ್ಬು ಮೇಲಕ್ಕೆ ಚಾಚಿದ್ದರೆ ಅದು ಮೊದಲೇ ತಿಳಿದಿರಬೇಕು. ಮುಖನರಕ್ಕೆ ಗಾಯವಾದರೆ ಮುಖದ ಒಂದು ಬದಿ ನಿಷ್ಕ್ರಿಯವಾಗುತ್ತದೆ.

ಹುಟ್ಟುಕಿವುಡಿರುವ ಮಕ್ಕಳಲ್ಲಿ ಸುಮಾರು ಶೇ. 20ರಷ್ಟು ಮಂದಿಗೆ ಒಳಕಿವಿಯ ಮೂಳೆಯ ರಚನೆಯಲ್ಲಿ ದೋಷವಿರುತ್ತದೆ. ಸುತ್ತುಗಳು ಅಪೂರ್ಣವಾಗಿರುವ ಇಂತಹ ಒಂದು ದೋಷವನ್ನು ಕಾರ್ಲೊ ಮೊಂಡಿನಿ 1791ರಲ್ಲಿ ವಿವರಿಸಿದನು. ಇಂತಹ ಕಿವಿಗಳಲ್ಲಿ ಕೆಲವೊಮ್ಮೆ ಕಾಕ್ಲಿಯಾವನ್ನು ತೆರೆದ ಕೂಡಲೇ ಮಿದುಳಿನ ಸುತ್ತಲಿನ ದ್ರವವು ಚಿಮ್ಮುತ್ತದೆ. ಮುನ್ಸೂಚನೆ ದೊರೆತಿದ್ದರೆ ರಂಧ್ರವನ್ನು ಬಿಗಿಯಾಗಿ ಮುಚ್ಚುವ ಸಿದ್ಧತೆ ಮಾಡಿಕೊಂಡು, ತಕ್ಕ ಎಲೆಕ್ಟ್ರೋಡನ್ನು ಆಯ್ದುಕೊಳ್ಳಬಹುದು. ಕಾಕ್ಲಿಯಾ ಸಂಪೂರ್ಣವಾಗಿ ಇಲ್ಲದಿದ್ದರೆ ಈ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ.

ಎಂ.ಆರ್.ಐ. ಸ್ಕ್ಯಾನ್

ಮೂಳೆ ಸರಿಯಾಗಿದ್ದ ಮಾತ್ರಕ್ಕೆ ನರವಿದೆ ಎಂದು ಹೇಳಲಾಗದು. ಶ್ರವಣ ನರವನ್ನು ಸಿ.ಟಿ. ನೇರವಾಗಿ ತೋರಿಸುವುದಿಲ್ಲ. ನರ ಸಾಗುವ ಕಾಲುವೆ ಕಿರಿದಾಗಿದ್ದರೆ ಸಂಶಯಕ್ಕೆ ಎಡೆಮಾಡಿಕೊಡುತ್ತದೆ, ಅಷ್ಟೆ. ದ್ರವವನ್ನು ಬೆಳ್ಳಗೆ ತೋರಿಸುವ ಎಂ.ಆರ್.ಐ. ಚಿತ್ರಗಳಲ್ಲಿ ನರಗಳು ಕಪ್ಪು ಎಳೆಗಳಂತೆ ಕಾಣುತ್ತವೆ. ಕಾಲುವೆಯ ಅಡ್ಡಕೊಯ್ತದಲ್ಲಿ ಮುಂದುಗಡೆ ಮೇಲೆ ಮುಖನರ, ಅದರ ಕೆಳಗೆ ಶ್ರವಣ ನರ, ಹಿಂದುಗಡೆ ಸಮತೋಲನದ ಎರಡು ನರಗಳು ಇರುತ್ತವೆ. ಶ್ರವಣ ನರ ಕಾಣಿಸದಿದ್ದರೆ ಅಥವಾ ತೀರ ತೆಳುವಾಗಿದ್ದರೆ ಇಂಪ್ಲಾಂಟ್‌ನಿಂದ ದೊರೆಯುವ ಪ್ರಯೋಜನ ಕಡಿಮೆಯಾಗಬಹುದು. ಪಾಲಕರಿಗೆ ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸುವುದು ಅತ್ಯಗತ್ಯ.

ಮೆನಿಂಜೈಟಿಸ್ ಅಥವಾ ಮಿದುಳು ಪೊರೆಯ ಉರಿಯೂತದ ನಂತರ ಬಂದ ಕಿವುಡಿನಲ್ಲಿ ಎಂ.ಆರ್.ಐ. ತುರ್ತಿನ ವಿಷಯವಾಗುತ್ತದೆ. ಕಾಕ್ಲಿಯಾದ ಒಳಗೆ ಮೊದಲು ನಾರುಗಟ್ಟಿ, ಬಳಿಕ ಮೂಳೆ ಬೆಳೆಯತೊಡಗುತ್ತದೆ. ಕೆಲವರಲ್ಲಿ ಇದು ಕೆಲವೇ ವಾರಗಳಲ್ಲಿ ಆರಂಭವಾಗುತ್ತದೆ. ಮೂಳೆಯಾದ ನಂತರವಷ್ಟೇ ಸಿ.ಟಿ. ಅದನ್ನು ತೋರಿಸುತ್ತದೆ, ಎಂ.ಆರ್.ಐ.ಯಲ್ಲಿ ನಾರಿನ ಹಂತದಲ್ಲೇ ದ್ರವದ ಬಿಳುಪು ಮಾಸಿದಂತೆ ಕಾಣುತ್ತದೆ. ಆದುದರಿಂದ ಇಂತಹ ಮಗುವಿಗೆ ತಿಂಗಳುಗಟ್ಟಲೆ ಶ್ರವಣಯಂತ್ರ ಹಾಕಿ ಕಾಯುವ ಸಾಮಾನ್ಯ ಕ್ರಮ ಸಲ್ಲದು.

ಕೋಲಾರ ಜಿಲ್ಲೆಯ ಸನ್ನಿವೇಶ

ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಬಂಗಾರಪೇಟೆಯ ಮಕ್ಕಳ ಶ್ರವಣದೋಷವನ್ನು ಗುರುತಿಸುವ ಒಂದು ದಾರಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಲಾಗುತ್ತದೆ. ಹುಟ್ಟುಕಿವುಡು ಅದರ ಪಟ್ಟಿಯಲ್ಲಿದೆ. ಜಿಲ್ಲಾ ಆಸ್ಪತ್ರೆಯಾದ ಶ್ರೀ ನರಸಿಂಹರಾಜ ಆಸ್ಪತ್ರೆ ಕೋಲಾರ ನಗರದಲ್ಲಿದೆ. ನಗರದ ಹೊರವಲಯದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ವಾಕ್‌ ಮತ್ತು ಶ್ರವಣಕ್ಕೆ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆ ಮೈಸೂರಿನಲ್ಲಿದೆ.

ಕೇಂದ್ರದ ಎಡಿಪ್ ಯೋಜನೆಯಲ್ಲಿ 2014ರಿಂದ ಕಾಕ್ಲಿಯರ್ ಇಂಪ್ಲಾಂಟಿಗೂ ನೆರವು ಇದೆ. ಮಾತು ಕಲಿಯುವ ಮೊದಲೇ ಕಿವುಡಾದ ಮಕ್ಕಳಿಗೆ ಇದರಲ್ಲಿ ಐದು ವರ್ಷದ ವಯೋಮಿತಿಯಿದೆ. ಹೀಗಾಗಿ ದೋಷವನ್ನು ತಡವಾಗಿ ಗುರುತಿಸಿದರೆ, ಸ್ಕ್ಯಾನ್ ವರದಿ ಚೆನ್ನಾಗಿದ್ದರೂ ಅವಕಾಶ ಕೈತಪ್ಪಬಹುದು. ಪುಟ್ಟ ಮಕ್ಕಳು ಅಲುಗಾಡದೆ ಮಲಗಲಾರರು; ಸಾಮಾನ್ಯವಾಗಿ ನಿದ್ರೆ ಬರಿಸುವ ಔಷಧ ಅಥವಾ ಅರಿವಳಿಕೆ ನೀಡಿ ಸ್ಕ್ಯಾನ್ ಮಾಡಲಾಗುತ್ತದೆ. ಎರಡೂ ಸ್ಕ್ಯಾನ್‌ಗಳನ್ನು ಒಂದೇ ದಿನ ಮುಗಿಸಿದರೆ ದೂರದಿಂದ ಬರುವ ಕುಟುಂಬಕ್ಕೆ ಒಂದು ಪ್ರಯಾಣ ಉಳಿಯುತ್ತದೆ.

ಗಣಿ ಕಾರ್ಮಿಕರ ಕಿವುಡು ಬೇರೆ ಬಗೆಯದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಕೊರೆಯುವ ಯಂತ್ರ ಮತ್ತು ಸಿಡಿತದ ಸದ್ದಿನಿಂದ ನಶಿಸುವುದು ಕಾಕ್ಲಿಯಾದ ಸೂಕ್ಷ್ಮ ರೋಮಕೋಶಗಳು. ಈ ಹಾನಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಹೆಚ್ಚಿನವರಿಗೆ ಶ್ರವಣಯಂತ್ರವೇ ಸಾಕಾಗುತ್ತದೆ. ಆದರೆ ಒಂದು ಕಿವಿಯಲ್ಲಿ ಮಾತ್ರ ಕೇಳುವಿಕೆ ಗಣನೀಯವಾಗಿ ಕುಗ್ಗಿದ್ದರೆ ಅದನ್ನು ಗಣಿಯ ಸದ್ದಿನ ತಲೆಗೆ ಕಟ್ಟದೆ, ನರದ ಗಡ್ಡೆಯಿದೆಯೇ ಎಂದು ಎಂ.ಆರ್.ಐ. ಮಾಡಿ ನೋಡಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ

ಎಲೆಕ್ಟ್ರೋಡ್ ಸರಿಯಾದ ಸ್ಥಾನದಲ್ಲಿದೆಯೇ ಎಂಬುದನ್ನು ಎಕ್ಸ್-ರೇ ಮೂಲಕ ಖಚಿತಪಡಿಸಿಕೊಳ್ಳಬಹುದು. ಸಾಧನದಲ್ಲಿ ಅಯಸ್ಕಾಂತ ಇರುವುದರಿಂದ ಮುಂದೆ ಎಂ.ಆರ್.ಐ. ಮಾಡಿಸುವ ಮೊದಲು ಅದರ ಮಾದರಿಯನ್ನು ವೈದ್ಯರಿಗೆ ತಿಳಿಸಬೇಕು.