ಎರೆಮಣ್ಣಿನ ಜೀಪು

ಜೀಪಿನ ಚರಿತ್ರೆ ಯುದ್ಧದಿಂದ ಶುರುವಾಗುತ್ತದೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆ ಅದು ಮಳೆಗಾಲದಿಂದ ಶುರುವಾಯಿತು. ಯಾದಗಿರಿಗೆ ರೈಲುಂಟು, ಶಹಾಪುರ, ಸುರಪುರಗಳಿಗೆ ಇಲ್ಲ. ಒಳಹಳ್ಳಿಗಳ ದಾರಿಯೋ ಎರೆಭೂಮಿಯದು. ಬೇಸಿಗೆಯಲ್ಲಿ ಬಾಯಿ ಬಿಡುವ ಆ ಮಣ್ಣು ನಾಲ್ಕು ಹನಿ ಬಿದ್ದರೆ ಸಾಕು, ಗಾಲಿಯನ್ನು ಹಿಡಿದುಕೊಂಡುಬಿಡುತ್ತದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹಂಚುವ ಜೀಪು ಮಾತ್ರ ಹೇಗೋ ದಾಟುತ್ತಿತ್ತು.

1941ರಿಂದ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕ್ಕೆಂದು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 1945ರಲ್ಲಿ ಹುಟ್ಟಿದ ಮಹೀಂದ್ರ ಅಂಡ್ ಮಹಮ್ಮದ್ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ದೇಶ ಇಬ್ಭಾಗವಾದಾಗ ಪಾಲುದಾರ ಗುಲಾಂ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಯಿತು.

ಆ ಜೀಪುಗಳಿಗೆ ಪೆಟ್ರೋಲಿನ ದಾಹ ಬಹಳ. 1973ರ ತೈಲ ಬಿಕ್ಕಟ್ಟಿನ ನಂತರ ಸಾಕುವುದೇ ಕಷ್ಟವಾಯಿತು. ಆ ದಶಕದಲ್ಲಿ ಕಂಪನಿಯೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನು ಜೀಪಿಗೆ ಕೂಡಿಸಿತು. 1980ರ ದಶಕದಲ್ಲಿ ಪೂಜೋ ಎಂಜಿನ್ ಬಂತು. ಹಳೆಯ ಜೀಪಿನವರು ಮಿಸ್ತ್ರಿಗಳನ್ನು ಹುಡುಕಿಕೊಂಡು ಹೋದರು.

ಶಹಾಪುರದ ನನ್ನ ತವರಿನ ಜೀಪಿಗೂ ಹೀಗೆಯೇ ಡೀಸೆಲ್ ಎಂಜಿನ್ ಬಂತು, ಹಿಂದೆ ಎದುರುಬದುರು ಹಲಗೆ ಬಂತು. ಅವ್ವ ಹಟ ಮಾಡಿ ಹಿಂಬದಿಗೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆಸಿದಳು. ಸೀರೆಯುಟ್ಟ ಬಸುರಿ ಹೆಣ್ಣುಮಗಳು ಅಷ್ಟು ಎತ್ತರ ಹತ್ತುವುದಾದರೂ ಹೇಗೆ? 2008ರ ನವೆಂಬರಿನಲ್ಲಿ 108 ವಾಹನ ಶುರುವಾಗುವವರೆಗೆ ಓಣಿಯ ಹೆರಿಗೆಗಳಿಗೆಲ್ಲ ಅದೇ ಗಾಡಿ. ಒಂದು ಕೂಸು ಭೀಮಾ ಸೇತುವೆ ದಾಟುವ ಮೊದಲೇ ಅದರಲ್ಲಿ ಹುಟ್ಟಿತು. ಒಬ್ಬಾಕೆ ಯಾದಗಿರಿ ಮುಟ್ಟಲಿಲ್ಲ.

ಈಗ ಅಣ್ಣನಿಗೆ ಅದನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಮಾಡಿಸುವ ಆಸೆ. ಮೆಟ್ಟಿಲು, ಹಲಗೆ ಎಲ್ಲ ಕಿತ್ತು ಹಾಕಬೇಕಂತೆ. ಮಿಸ್ತ್ರಿಯ ಚಿಂತೆಯೇ ಬೇರೆ: "ಓಡಸೋದು ಸುಲಭ ಐತ್ರಿ ಅಕ್ಕಾರ, ನಿಲ್ಲಸೋದು ತ್ರಾಸು." ಭಾರದ ಎಂಜಿನ್ನಿಗೆ ಮುಂದಿನ ಕಮಾನು ಪಟ್ಟಿಗಳು ಕುಸಿದಿವೆ. ಬ್ರೇಕು ಹಗುರಾಗಲು ಬೂಸ್ಟರ್ ಕೂಡಿಸಬಹುದು; ಆದರೆ ಅದಕ್ಕೆ ಬೇಕಾದ ಗಾಳಿಯ ಎಳೆತ ಪೆಟ್ರೋಲ್ ಎಂಜಿನ್ನಿನಲ್ಲಿ ತಾನಾಗಿ ಸಿಗುತ್ತದೆ, ಡೀಸೆಲ್ಲಿಗೆ ಬೇರೆ ಪಂಪು ಬೇಕು. ಕಾನೂನೂ ಉಂಟು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಎಂಜಿನ್ನಿನ ನಂಬರನ್ನು ಅಪ್ಪ ಅಂದೇ ನೋಂದಣಿ ಪುಸ್ತಕದಲ್ಲಿ ಬರೆಸಿದ್ದರಿಂದ ಬಚಾವು.

ಬ್ರೇಕು ಹೊಸದಾಗಲಿ, ಪಟ್ಟಿಗಳು ಬದಲಾಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವುದು ಅಸಲು? ಸೈನಿಕರಿಗೆಂದು ರೂಪಿಸಿದ ಗಾಡಿಯಲ್ಲಿ ಹೆಂಗಸರಿಗೆ ಜಾಗ ಮಾಡಿಕೊಟ್ಟದ್ದು ಆ ಮೆಟ್ಟಿಲು. ಎಷ್ಟೋ ಕಾಲುಗಳು ತುಳಿದು ಅದರ ನಡುಭಾಗ ಸವೆದಿದೆ. ಆ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಉಳಿದದ್ದನ್ನು ಅಣ್ಣ ಏನಾದರೂ ಮಾಡಿಸಲಿ, ಮೆಟ್ಟಿಲಿಗೆ ಮಾತ್ರ ಕೈ ಹಚ್ಚಬಾರದೆಂದು ಹೇಳಿದ್ದೇನೆ. ತುಕ್ಕು ಉಜ್ಜಿ ಬಣ್ಣ ಬಳಿದರೆ ಅದು ಇನ್ನೂ ಬಹಳ ವರ್ಷ ಬಾಳುತ್ತದೆ.