ಕೆಂಪು ತೋಳ ಮತ್ತು ದನಗಾಹಿಯ ನಾಯಿ

ತೋಳ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕುರಿಹಟ್ಟಿಗೆ ನುಗ್ಗುವ ಕ್ರೂರಮೃಗ. ನಾಯಿ ಎಂದೊಡನೆ ನೆನಪಾಗುವುದು ಬಾಗಿಲು ಕಾಯುವ ನಂಬಿಗಸ್ಥ ಜೀವಿ. ಆದರೆ ಆಫ್ರಿಕಾ ಖಂಡದ ಇಥಿಯೋಪಿಯದಲ್ಲಿ ನಡೆದ ಚರಿತ್ರೆ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ನಾಯಿಯಿಂದಲೇ ತೋಳವನ್ನು ಕಾಪಾಡಬೇಕಾಗಿ ಬಂತು.

ದಕ್ಷಿಣ ಇಥಿಯೋಪಿಯದ ಬಾಲೇ ಪರ್ವತಶ್ರೇಣಿಯಲ್ಲಿ ಸುಮಾರು 4,000 ಮೀಟರ್ ಎತ್ತರದಲ್ಲಿ ವಿಶಾಲವಾದ ಹುಲ್ಲುಗಾವಲುಗಳಿವೆ. ಕೆಂಪು ಮೈಬಣ್ಣದ, ನೀಳಕಾಲಿನ ಇಥಿಯೋಪಿಯದ ತೋಳ ಅಲ್ಲಿನ ನಿವಾಸಿ. ಅದರ ಮುಖ್ಯ ಆಹಾರ ಇಲಿ, ಹೆಗ್ಗಣಗಳು. ಈದ ಕುದುರೆಯ ಮಾಸು ತಿನ್ನಲು ಬರುವ ಈ ಪ್ರಾಣಿಯನ್ನು ಒರೊಮೊ ಜನರು ‘ಕುದುರೆಯ ನರಿ’ ಎಂದು ಕರೆದರು. ಇಡೀ ಜಗತ್ತಿನಲ್ಲಿ ಇದರ ಬೆಳೆದ ಪ್ರಾಣಿಗಳ ಸಂಖ್ಯೆ 500ಕ್ಕೂ ಕಡಿಮೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಾಲೇಯಲ್ಲಿಯೇ.

ದನಗಾಹಿಗಳು ಮೇವನ್ನರಸಿ ಮೇಲೇರಿದಾಗ ಅವರ ನಾಯಿಗಳೂ ಜೊತೆಗೆ ಬಂದವು. ರಾತ್ರಿ ಕತ್ತೆಕಿರುಬಗಳಿಂದ ದನಗಳನ್ನು ಕಾಯುವುದು ಅವುಗಳ ಕೆಲಸ. ಹಗಲಿನಲ್ಲಿ ಅವುಗಳಿಗೆ ಅನ್ನವಿಡುವವರಾಗಲಿ, ಕಟ್ಟಿಹಾಕುವವರಾಗಲಿ ಇರಲಿಲ್ಲ. ಅಲೆದಾಡುತ್ತ ಅವು ತೋಳಗಳನ್ನು ಸಂಧಿಸಿದವು. ನಾಯಿಯೊಡನೆ ಕೂಡಿ ಬೆರಕೆ ಮರಿಗಳು ಹುಟ್ಟಿರುವುದು 1994ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. ಇದಕ್ಕಿಂತ ದೊಡ್ಡ ಆಪತ್ತು ರೇಬೀಸ್, ಎಂದರೆ ಹುಚ್ಚುನಾಯಿ ರೋಗ. ಒಂದೇ ಹಿಂಡಿನ ತೋಳಗಳು ಭೇಟಿಯಾದಾಗಲೆಲ್ಲ ಮುಸುಡಿಗೆ ಮುಸುಡಿ ತಾಗಿಸಿ, ನೆಕ್ಕಿ ಸ್ನೇಹ ತೋರುತ್ತವೆ. ಜೊಲ್ಲಿನಲ್ಲಿರುವ ರೋಗಾಣುವಿಗೆ ಆ ಪ್ರೀತಿಯೇ ದಾರಿಯಾಯಿತು. 1991-92ರಲ್ಲಿ ರೋಗ ಹಬ್ಬಿ ಹಿಂಡಿಗೆ ಹಿಂಡೇ ಅಳಿದುಹೋದವು.

ನಾಯಿಗಳನ್ನೆಲ್ಲ ಕೊಂದುಬಿಟ್ಟರೆ ಮುಗಿಯಲಿಲ್ಲವೇ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಬಡ ದನಗಾಹಿಯ ಕೊಟ್ಟಿಗೆಯನ್ನು ಕಾಯುವವರು ಯಾರು? 1995ರಲ್ಲಿ ಆರಂಭವಾದ ಇಥಿಯೋಪಿಯನ್ ತೋಳ ಸಂರಕ್ಷಣಾ ಕಾರ್ಯಕ್ರಮವು ಬೇರೊಂದು ದಾರಿ ಹಿಡಿಯಿತು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು. ಅದು ತೋಳಕ್ಕಷ್ಟೇ ಅಲ್ಲ, ಅಂಗಳದಲ್ಲಿ ಆಡುವ ಮಕ್ಕಳಿಗೂ ರಕ್ಷೆಯಾಯಿತು.

ಆದರೂ 2003ರಲ್ಲಿ ರೋಗ ಮರಳಿತು. ವೆಬ್ ಕಣಿವೆಯ ತೋಳಗಳಲ್ಲಿ ನಾಲ್ಕನೆಯ ಮೂರು ಪಾಲು ಸತ್ತವು. ಆಗ ಸರಕಾರದ ಒಪ್ಪಿಗೆ ಪಡೆದು, ಕಣಿವೆಗಳನ್ನು ಜೋಡಿಸುವ ಇಕ್ಕಟ್ಟಾದ ದಾರಿಗಳಲ್ಲಿದ್ದ ತೋಳಗಳನ್ನೇ ಹಿಡಿದು ಲಸಿಕೆ ಚುಚ್ಚಿ ಬಿಟ್ಟರು. ರೋಗಕ್ಕೆ ಮುಂದಿನ ದಾರಿ ಮುಚ್ಚಿತು. ಎಲ್ಲ ತೋಳಗಳಿಗೂ ಲಸಿಕೆ ಹಾಕಬೇಕಾಗಿಲ್ಲ, ಆಯಕಟ್ಟಿನ ಕೆಲವಕ್ಕೆ ಹಾಕಿದರೂ ಸಾಕು ಎಂಬ ಈ ಪಾಠ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೋರಾಟ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿಯೂ 2014ರಲ್ಲಿಯೂ ರೇಬೀಸ್ ಬಂತು. 2010 ಮತ್ತು 2015ರಲ್ಲಿ ಡಿಸ್ಟೆಂಪರ್ ಎಂಬ ಮತ್ತೊಂದು ನಾಯಿರೋಗ ಬಡಿಯಿತು. 2018ರಿಂದ ಆಡಿನ ಮಾಂಸದ ತುಂಡಿನಲ್ಲಿ ಬಾಯಿಯ ಲಸಿಕೆಯನ್ನಿಟ್ಟು ತೋಳಗಳಿಗೆ ತಿನ್ನಿಸುವ ಕ್ರಮ ಆರಂಭವಾಯಿತು. ಬಲೆಯೂ ಬೇಡ, ಸೂಜಿಯೂ ಬೇಡ; ಆಪತ್ತು ಬಂದ ಮೇಲೆ ಓಡುವ ಬದಲು ಬರುವ ಮೊದಲೇ ತಡೆಯುವ ವಿವೇಕವಿದು.

ಈ ಕಥೆ ನಮಗೆ ದೂರದ್ದಲ್ಲ. ನಮ್ಮ ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ತೋಳಗಳಿಗಾಗಿಯೇ ಘೋಷಿಸಲಾಯಿತು. ಕೊಪ್ಪಳದ ಕುರುಚಲು ಬಯಲುಗಳಲ್ಲಿ ಇಂದಿಗೂ ತೋಳಗಳಿವೆ. ಆ ಬಯಲುಗಳಲ್ಲಿ ಬೀದಿನಾಯಿಗಳೂ ಇವೆ. ನೆರೆಯ ಮಹಾರಾಷ್ಟ್ರದ ಪುಣೆಯ ಬಳಿ ನಾಯಿ ಬೆರೆತ ತೋಳ ಪತ್ತೆಯಾಗಿದೆ.

ಬಾಲೇಯಲ್ಲಿ ತಪ್ಪಿತಸ್ಥ ತೋಳವೂ ಅಲ್ಲ, ನಾಯಿಯೂ ಅಲ್ಲ. ನಾಯಿಯನ್ನು ಸಾಕಿ, ಅದರ ಹೊಟ್ಟೆಯನ್ನೂ ಆರೋಗ್ಯವನ್ನೂ ಮರೆತ ಮನುಷ್ಯನ ಅಲಕ್ಷ್ಯವೇ ಬೆಟ್ಟದ ತುದಿಯವರೆಗೆ ಮುಟ್ಟಿತ್ತು. ಪ್ರಿಯ ಓದುಗರೇ, ನಿಮ್ಮ ಮನೆಯ ನಾಯಿಗೆ ಈ ವರ್ಷದ ಲಸಿಕೆ ಆಗಿದೆಯೇ? ಬೇಡವಾದ ಮರಿಗಳನ್ನು ಊರಾಚೆ ಬಿಟ್ಟುಬರುವ ರೂಢಿ ನಿಮ್ಮ ಓಣಿಯಲ್ಲಿ ನಿಂತಿದೆಯೇ? ಕಾಡನ್ನು ಕಾಯುವ ಕೆಲಸ ಹಲವೊಮ್ಮೆ ನಮ್ಮ ಅಂಗಳದಿಂದಲೇ ಆರಂಭವಾಗುತ್ತದೆ.