ನೆಲೆಗೆ ಬೆಲೆ ಕಟ್ಟಬಹುದೆ?

ಹುಟ್ಟಿದ ನೆಲವನ್ನು ಬಿಟ್ಟು ಪರಸ್ಥಳದಲ್ಲಿ ಬಾಳುವೆ ಕಟ್ಟಿಕೊಳ್ಳುವುದು ಮಾನವನಿಗೆ ಹೊಸದೇನಲ್ಲ. ಕ್ಷಾಮ, ಯುದ್ಧ, ವಿದ್ಯೆ, ವ್ಯಾಪಾರ, ತೀರ್ಥಯಾತ್ರೆ ಇವೆಲ್ಲವೂ ಜನರನ್ನು ಊರಿಂದೂರಿಗೆ ಒಯ್ದಿವೆ. ಬಂದವರನ್ನು ತನ್ನವರೆಂದು ಒಪ್ಪಿಕೊಳ್ಳುವ ಮುನ್ನ ಸಮಾಜವು ಅವರಿಂದ ಏನನ್ನು ಕೇಳಬೇಕು ಎಂಬುದು ಅಂದಿನಿಂದಲೂ ಉಳಿದುಬಂದ ಪ್ರಶ್ನೆ. ಕೆಲವರು ಕುಲವನ್ನು ಕೇಳಿದರು, ಕೆಲವರು ಸೇವೆಯನ್ನು ಕೇಳಿದರು, ಕೆಲವರು ವಾಸದ ಅವಧಿಯನ್ನು ಕೇಳಿದರು. ನಮ್ಮ ಕಾಲದಲ್ಲಿ ಹಲವು ಸರಕಾರಗಳು ನೇರವಾಗಿ ಹಣವನ್ನೇ ಕೇಳುತ್ತಿವೆ. ಇಷ್ಟು ಕೊಟ್ಟರೆ ವಾಸದ ಹಕ್ಕು, ಇನ್ನಷ್ಟು ಕೊಟ್ಟರೆ ಪೌರತ್ವ ಎಂಬ ಈ ವ್ಯವಹಾರವು ನ್ಯಾಯಸಮ್ಮತವೆ ಎಂಬುದನ್ನು ಕನ್ನಡ ನಾಡಿನ ಮೂರು ಶಾಸನಗಳ ಬೆಳಕಿನಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಇಂದಿನ ಸ್ಥಿತಿಯನ್ನು ನೋಡೋಣ. 1983ರಲ್ಲಿ ಸ್ವತಂತ್ರವಾದ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಸೇಂಟ್ ಕಿಟ್ಸ್ ಮತ್ತು ನೆವಿಸ್, ಮರುವರ್ಷವೇ ಹಣ ಹೂಡಿದವರಿಗೆ ಪೌರತ್ವ ನೀಡುವ ಕಾನೂನನ್ನು ಮಾಡಿತು. 1993ರಲ್ಲಿ ನೆರೆಯ ಡೊಮಿನಿಕಾ ಅದೇ ದಾರಿ ಹಿಡಿಯಿತು. ಕೆನಡಾ ದೇಶದ ಕೇಂದ್ರ ಸರಕಾರವು 1986ರಲ್ಲಿ ತೆರೆದ ಹೂಡಿಕೆದಾರರ ವಲಸೆ ಯೋಜನೆಯನ್ನು 2014ರಲ್ಲಿ ಮುಚ್ಚಿತು. ಅದೇ ವರ್ಷ ಮಾಲ್ಟಾ ದೇಶ ಪೌರತ್ವದ ಮಾರಾಟಕ್ಕೆ ಕೈಹಾಕಿತು. ಪೌರತ್ವವನ್ನು ಹೀಗೆ ವ್ಯಾಪಾರದ ಸರಕಾಗಿಸುವುದು ಸಲ್ಲದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2025ರ ಏಪ್ರಿಲ್ 29ರಂದು ತೀರ್ಪಿತ್ತಿತು. ಇದಾಗಿ ಐದು ತಿಂಗಳು ತುಂಬುವ ಮೊದಲೇ ಅಮೆರಿಕದ ಅಧ್ಯಕ್ಷರು 10 ಲಕ್ಷ ಡಾಲರ್ ಕಾಣಿಕೆ ಸಲ್ಲಿಸಿದವರಿಗೆ ವಾಸದ ಹಕ್ಕು ಕೊಡುವ 'ಗೋಲ್ಡ್ ಕಾರ್ಡ್' ಯೋಜನೆಯ ಆದೇಶಕ್ಕೆ ಸಹಿ ಹಾಕಿದರು. ಒಂದೆಡೆ ಬಾಗಿಲು ಮುಚ್ಚಿದರೆ ಇನ್ನೊಂದೆಡೆ ತೆರೆಯುತ್ತಿದೆ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಅಮೆರಿಕದಲ್ಲಿ ದುಡಿಯುತ್ತಿರುವ ಕನ್ನಡಿಗ ತಂತ್ರಜ್ಞರು ಹಸಿರು ಕಾರ್ಡಿಗಾಗಿ ಹತ್ತಾರು ವರ್ಷ ಸರದಿಯಲ್ಲಿ ಕಾಯುತ್ತಿದ್ದಾರೆ. ಯಾವ ಒಂದು ದೇಶದವರಿಗೂ ಶೇ. 7ಕ್ಕಿಂತ ಹೆಚ್ಚು ಪಾಲು ಸಲ್ಲದೆಂಬ ಅಲ್ಲಿನ ನಿಯಮವೇ ಇದಕ್ಕೆ ಮುಖ್ಯ ಕಾರಣ. ಆದರೆ 1990ರ ಕಾನೂನಿನಿಂದ ಹುಟ್ಟಿ 2022ರಲ್ಲಿ ತಿದ್ದುಪಡಿಯಾದ ಇನ್ನೊಂದು ಯೋಜನೆಯಂತೆ, ನಿರ್ದಿಷ್ಟ ಪ್ರದೇಶಗಳಲ್ಲಿ 8 ಲಕ್ಷ ಡಾಲರ್ ಹೂಡಿ 10 ಜನರಿಗೆ ಉದ್ಯೋಗ ಕಲ್ಪಿಸಿದವನಿಗೆ ಬೇರೆಯೇ ಬಾಗಿಲುಂಟು. ಮಗನ ಸಲುವಾಗಿ ಹೊಲ ಮನೆ ಮಾರಿ ಆ ಮೊತ್ತ ಹೊಂದಿಸಬೇಕೆ ಎಂಬ ಚಿಂತೆ ಅನುಕೂಲಸ್ಥ ಕುಟುಂಬಗಳಲ್ಲಿ ಇಂದು ಮೂಡುವುದು ಸಹಜ. ಮತ್ತೊಂದೆಡೆ, ಸಿಂದಗಿ ತಾಲ್ಲೂಕಿನ ಯಂಕಂಚಿಯಂತಹ ಮಳೆಯಾಶ್ರಿತ ಊರುಗಳ ಸೀಮೆಯಿಂದ ಪುಣೆ, ಮುಂಬಯಿ, ಗೋವೆಗಳಿಗೆ ದುಡಿಯಲು ಗುಳೆ ಹೋಗುವವರಿದ್ದಾರೆ. ಗೋವೆಯಲ್ಲಿ ನಿವಾಸಿ ಪ್ರಮಾಣಪತ್ರ ಬೇಕಾದರೆ 15 ವರ್ಷಗಳ ವಾಸವನ್ನು ತೋರಿಸಬೇಕು. ಬೆವರಿಗೆ 15 ವರ್ಷ, ಹಣಕ್ಕೆ ಕೆಲವೇ ತಿಂಗಳು ಎಂಬ ಈ ಅಂತರವೇ ನಮ್ಮ ವಿಚಾರದ ಮರ್ಮ.

ಇಂಥ ಪ್ರಶ್ನೆಗೆ ಇದೇ ಸೀಮೆಯ ಮಣ್ಣಿನಲ್ಲಿ ಒಂದು ಹಳೆಯ ಸಾಕ್ಷ್ಯವಿದೆ. ಸಿಂದಗಿಗೆ ನೆರೆಯಾದ ಇಂಡಿ ತಾಲ್ಲೂಕಿನ ಸಾಲೋಟಗಿ ಗ್ರಾಮ, ಪ್ರಾಚೀನ ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ದೇವಾಲಯದೊಡನೆ ಒಂದು ಶಾಲೆಯನ್ನು ಕಟ್ಟಿಸಿದುದನ್ನು ಕ್ರಿ.ಶ. 945ರ ಸ್ತಂಭಶಾಸನ ತಿಳಿಸುತ್ತದೆ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ಶಾಲೆಗೆ 500 ನಿವರ್ತನ ಭೂಮಿ, ದೀಪದ ವೆಚ್ಚಕ್ಕೆ 12 ನಿವರ್ತನ ದತ್ತಿಯಾಗಿ ಬಂದವು. ಊರವರು ತಮ್ಮ ಮನೆಯ ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ ಕೊಡಲು ಒಪ್ಪಿಕೊಂಡರು. ಇಲ್ಲಿ ನೆಲೆಗಾಗಿ ತೆತ್ತವರು ಬಂದವರಲ್ಲ, ಇದ್ದವರು. ಆ ಶಾಲೆ ವೈದಿಕ ವಿದ್ಯೆಗೆ ಮೀಸಲಾದದ್ದು, ಎಲ್ಲರಿಗೂ ಅದರ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಮರೆಯಲಾಗದು. ಆದರೂ ವಿದ್ಯೆಯನ್ನರಸಿ ಬಂದವನು ಊರಿನ ಸಂಪತ್ತೆಂದು ಭಾವಿಸಿ ಅವನ ಭಾರವನ್ನು ಊರೇ ಹೊತ್ತ ರೀತಿ ಗಮನಾರ್ಹವಾದುದು.

ಸಾಲೋಟಗಿಗೆ ಬಂದವರು ವಿದ್ಯಾರ್ಥಿಗಳು. ಬಂದವರು ಧನಿಕರಾದರೆ ಹೇಗೆ? ಇದಕ್ಕೆ ಬೆಳಗಾವಿಯ ಶಾಸನದಲ್ಲಿ ಉತ್ತರ ಸಿಗುತ್ತದೆ. ರಟ್ಟವಂಶದ ನಾಲ್ಮಡಿ ಕಾರ್ತವೀರ್ಯನ ಕಾಲದಲ್ಲಿ ಅವನ ಮಂತ್ರಿ ಬೀಚಣನು ವೇಣುಗ್ರಾಮದಲ್ಲಿ, ಎಂದರೆ ಇಂದಿನ ಬೆಳಗಾವಿಯಲ್ಲಿ, ರಟ್ಟಜಿನಾಲಯವನ್ನು ಕಟ್ಟಿಸಿದನು. ಕ್ರಿ.ಶ. 1204ರ ಈ ಶಾಸನ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜಿನಾಲಯಕ್ಕೆ ದತ್ತಿಯಿತ್ತ ವರ್ತಕರ ಸಾಲಿನಲ್ಲಿ ಸ್ಥಳೀಯರ ಜೊತೆಗೆ ಲಾಳದೇಶದ, ಅಂದರೆ ಗುಜರಾತಿನ, ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಇದ್ದಾರೆ. ದೂರದಿಂದ ಬಂದ ಈ ಸಿರಿವಂತರ ಹೆಸರನ್ನು ಶಾಸನ ಉಳಿಸಿರುವುದು ಅವರು ತೆತ್ತ ಪ್ರವೇಶಶುಲ್ಕಕ್ಕಾಗಿ ಅಲ್ಲ, ಊರಿನ ಒಂದು ಪುಣ್ಯಕಾರ್ಯದಲ್ಲಿ ಊರವರೊಡನೆ ಕೈಜೋಡಿಸಿದುದಕ್ಕಾಗಿ. ಮೊದಲು ಸಹವಾಸ, ಬಳಿಕ ದಾನ ಎಂಬ ಈ ಕ್ರಮದಲ್ಲಿ ಹಣಕ್ಕೆ ಸ್ಥಾನವುಂಟು. ಆದರೆ ಅದು ಎರಡನೆಯ ಸ್ಥಾನ.

ಮೂರನೆಯ ಸಾಕ್ಷ್ಯ ನಮ್ಮ ಸಮಾಜಕ್ಕೆ ಚಿರಪರಿಚಿತವಾದ ಕ್ರಿ.ಶ. 1368ರ ಬುಕ್ಕರಾಯನ ಶಾಸನ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಜೈನರು ಮೊರೆಯಿಟ್ಟಾಗ, ಅರಸನು ಉಭಯ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು, ಅದರಿಂದ ಬೆಳುಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸತಕ್ಕದ್ದು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸತಕ್ಕದ್ದು ಎಂದು ನಿರ್ಣಯವಾಯಿತು. ಇದು ರಕ್ಷಣೆಗೆ ತೆತ್ತ ಬೆಲೆಯಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಹಕ್ಕನ್ನು ಮೊದಲು ಸಾರಲಾಯಿತು, ವಂತಿಗೆಯ ಮಾತು ಅನಂತರ ಬಂತು. ಆ ವಂತಿಗೆ ಸೆಟ್ಟಿಯ ಬಾಗಿಲಿಗೂ ಬಡವನ ಬಾಗಿಲಿಗೂ ಒಂದೇ ಹಣ. ಹೆಚ್ಚು ಕೊಟ್ಟವನಿಗೆ ಹೆಚ್ಚಿನ ರಕ್ಷಣೆ ಎಂಬ ಮಾತು ಅಲ್ಲಿಲ್ಲ.

ಮೂರೂ ಶಾಸನಗಳಲ್ಲಿ ಹಣದ ಪ್ರಸ್ತಾಪವಿದೆ. ಹೀಗಾಗಿ ವಾಸಕ್ಕೂ ಹಣಕ್ಕೂ ಸಂಬಂಧವೇ ಕೂಡದೆಂದು ವಾದಿಸುವುದು ಅಸಾಧು. ಆದರೆ ಎಲ್ಲಿಯೂ 'ನಮ್ಮವನು' ಎಂಬ ಸಂಬಂಧವೇ ಕ್ರಯಕ್ಕೆ ಬಂದಿಲ್ಲ. ತೆರಿಗೆ, ದತ್ತಿ, ವಂತಿಗೆ ಇವು ಕೂಡಿ ಬಾಳುವವರ ಕರ್ತವ್ಯಗಳು. ಇವನ್ನು ಕ್ರಯದಿಂದ ಬೇರ್ಪಡಿಸಿ ನೋಡುವುದು ಅವಶ್ಯ.

ಅನೇಕಾಂತ ದೃಷ್ಟಿಯುಳ್ಳವರು ಎದುರು ಪಕ್ಷವನ್ನೂ ಆಲಿಸಬೇಕು. ಸಂಪನ್ಮೂಲಗಳಿಲ್ಲದ ಪುಟ್ಟ ದ್ವೀಪಕ್ಕೆ ಈ ಹಣವೇ ಆಧಾರವಾಗಬಹುದು. 2017ರಲ್ಲಿ 'ಮರಿಯಾ' ಚಂಡಮಾರುತದಿಂದ ಧ್ವಂಸವಾದ ಡೊಮಿನಿಕಾ, ಈ ಮೂಲದ ಆದಾಯದಿಂದಲೇ ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿತು. ಅದನ್ನು ಹಳಿಯಲು ಯಾರಿಗೂ ಮನಸ್ಸು ಬಾರದು. ಇನ್ನೊಂದು ವಾದ ಇದಕ್ಕಿಂತ ಬಲವಾದದ್ದು: ಪೌರತ್ವವು ಹೆಚ್ಚಿನವರಿಗೆ ಹುಟ್ಟಿನಿಂದ ಬರುತ್ತದೆ, ಹುಟ್ಟು ಯಾರ ಸಾಧನೆಯೂ ಅಲ್ಲ, ಹಾಗಿರುವಾಗ ಗಳಿಸಿದ ಹಣದಿಂದ ಅದನ್ನು ಪಡೆಯುವುದರಲ್ಲಿ ದೋಷವೇನು?

ಈ ವಾದಕ್ಕೆ ಉತ್ತರ ಹೀಗಿದೆ. ಹುಟ್ಟಿನ ಅಸಮತೆಯನ್ನು ಅಳಿಸಬೇಕಾದರೆ ಎಲ್ಲರೂ ನಡೆಯಬಲ್ಲ ದಾರಿ ಬೇಕು. ವಾಸ, ದುಡಿಮೆ, ಭಾಷೆಯ ಕಲಿಕೆ ಇವು ಬಡವನಿಗೂ ಸಾಧ್ಯ. ಹಣದ ದಾರಿಯಾದರೋ ಹುಟ್ಟಿನ ಅಸಮತೆಯ ಮೇಲೆ ಸಂಪತ್ತಿನ ಅಸಮತೆಯನ್ನು ಹೇರುತ್ತದೆ. ಕೆಲವರ ಪಾಲಿಗೆ ಕೊಂಡುಕೊಳ್ಳುವ ವಸ್ತುವಾದ ಪೌರತ್ವವು ಕೊಳ್ಳಲಾರದ ಸ್ವದೇಶೀ ಬಡವನ ಕಣ್ಣಿನಲ್ಲಿಯೂ ತನ್ನ ಗೌರವವನ್ನು ಕಳೆದುಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಮುಖವುಂಟು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕದ್ದು ತಂದ ವಸ್ತುವನ್ನು ಸ್ವೀಕರಿಸುವ ತದಾಹೃತಾದಾನವೂ, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವ ವಿರುದ್ಧರಾಜ್ಯಾತಿಕ್ರಮವೂ ಸೇರಿವೆ. ಹಣದ ಮೂಲವನ್ನು ಸರಿಯಾಗಿ ಶೋಧಿಸದೆ ಪೌರತ್ವ ಮಾರುವ ದೇಶವು ಮೊದಲನೆಯ ದೋಷಕ್ಕೆ ಗುರಿಯಾಗುತ್ತದೆ. ಸ್ವದೇಶದ ಕಾನೂನಿನಿಂದ ತಪ್ಪಿಸಿಕೊಳ್ಳಲು ಅದನ್ನು ಕೊಳ್ಳುವವನು ಎರಡನೆಯದಕ್ಕೆ ಗುರಿಯಾಗುತ್ತಾನೆ. ವಜ್ರವ್ಯಾಪಾರಿ ಮೆಹುಲ್ ಚೋಕ್ಸಿ 2017ರ ನವೆಂಬರಿನಲ್ಲಿ ಆಂಟಿಗುವಾ ಮತ್ತು ಬಾರ್ಬುಡಾ ದೇಶದ ಪೌರತ್ವ ಪಡೆದು, 2018ರ ಜನವರಿಯಲ್ಲಿ ಭಾರತವನ್ನು ಬಿಟ್ಟರು. ಮರುತಿಂಗಳೇ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಹಸ್ರಾರು ಕೋಟಿ ರೂಪಾಯಿಗಳ ವಂಚನೆಯ ಪ್ರಕರಣ ಬೆಳಕಿಗೆ ಬಂದಿತು. ಅವರ ಮೇಲಿನ ಆರೋಪಗಳ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಆದರೆ 2025ರ ಏಪ್ರಿಲಿನಲ್ಲಿ ಅವರು ಬೆಲ್ಜಿಯಂನಲ್ಲಿ ಬಂಧಿತರಾಗುವವರೆಗೆ ಏಳು ವರ್ಷಗಳೇ ಕಳೆದುವೆಂಬುದು ಎಲ್ಲರೂ ಕಂಡ ಸಂಗತಿ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ವಿವೇಕವನ್ನು ತೋರಿದೆ. 1955ರ ಪೌರತ್ವ ಕಾಯಿದೆಯಂತೆ ಪರದೇಶಿಯೊಬ್ಬನು ದೇಶೀಕರಣದಿಂದ ಭಾರತದ ಪೌರನಾಗಲು ಸಾಮಾನ್ಯವಾಗಿ ಒಟ್ಟು 12 ವರ್ಷಗಳ ವಾಸವನ್ನು ತೋರಿಸಬೇಕು; ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನು ತಕ್ಕಷ್ಟು ಬಲ್ಲವನಾಗಿರಬೇಕು. ಕನ್ನಡ ಬಲ್ಲವನಾದರೆ ಅದೂ ಸಾಕು. ವಿಜ್ಞಾನ, ತತ್ತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ ಅಥವಾ ಮಾನವ ಪ್ರಗತಿಗೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಈ ಷರತ್ತುಗಳಿಂದ ವಿನಾಯಿತಿ ಕೊಡಲು ಅವಕಾಶವಿದೆ. ಆ ಪಟ್ಟಿಯಲ್ಲಿ ಸಂಪತ್ತಿನ ಹೆಸರಿಲ್ಲ. 2016ರಲ್ಲಿ ಕೇಂದ್ರ ಸಚಿವ ಸಂಪುಟವು ವಿದೇಶೀ ಹೂಡಿಕೆದಾರರಿಗೆ ವಾಸದ ಸೌಲಭ್ಯವನ್ನು ಒಪ್ಪಿತು. 18 ತಿಂಗಳಲ್ಲಿ 10 ಕೋಟಿ ರೂಪಾಯಿ ಅಥವಾ 36 ತಿಂಗಳಲ್ಲಿ 25 ಕೋಟಿ ಹೂಡಿ, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಉದ್ಯೋಗ ಕೊಟ್ಟವರಿಗೆ 10 ವರ್ಷಗಳ ವಾಸ ದೊರೆಯುತ್ತದೆ. ಆದರೆ ಅದು ಪೌರತ್ವವಲ್ಲ. ದುಡಿಮೆಗೆ ನೆರವಾಗುವ ಧನಿಕನಿಗೆ ಅವಧಿಯುಳ್ಳ ವಾಸ, ಪೌರತ್ವಕ್ಕೆ ಮಾತ್ರ ಎಲ್ಲರಿಗೂ ಒಂದೇ ಹಾದಿ ಎಂಬ ಈ ಮರ್ಯಾದೆ ಯಥೋಚಿತವೆಂದು ನಮ್ಮ ಅಭಿಪ್ರಾಯ.

ಬಸದಿಗಳ ಆಡಳಿತ ನಡೆಸುವವರಿಗೆ ಈ ಭೇದ ಸುಲಭವಾಗಿ ಮನವರಿಕೆಯಾದೀತು. ಅಭಿಷೇಕದ ಕಲಶಗಳಿಗೆ ಸವಾಲು ಕೂಗುವ ಪದ್ಧತಿ ನಮ್ಮಲ್ಲುಂಟು. ಹೆಚ್ಚು ಕೂಗಿದವನಿಗೆ ಮೊದಲ ಕಲಶದ ಗೌರವ, ಬಂದ ಹಣ ಕ್ಷೇತ್ರದ ಕೆಲಸಕ್ಕೆ. ಆದರೆ ಶ್ರಾವಕತ್ವವನ್ನು ಎಂದೂ ಸವಾಲಿಗಿಟ್ಟಿಲ್ಲ. ಕಲಶ ಹಿಡಿಯಲಾರದ ಬಡವನೂ ಅದೇ ಜಿನಬಿಂಬದ ಮುಂದೆ ಅಷ್ಟೇ ಹಕ್ಕಿನಿಂದ ಕೈಮುಗಿಯುತ್ತಾನೆ. ಆ ಹಕ್ಕಿಗೂ ಬೆಲೆ ಕಟ್ಟಿದ ದಿನ ಬಸದಿಯ ಗೋಡೆ ಉಳಿದೀತು, ಸಂಘ ಉಳಿಯಲಾರದು. ದೇಶದ ಮಾತೂ ಇಷ್ಟೆ.

ಪರದೇಶಕ್ಕೆ ಹೋಗುವ ನಮ್ಮ ಮಕ್ಕಳನ್ನು ತಡೆಯುವುದು ಉಚಿತವಲ್ಲ. ಕಾನೂನಿನಂತೆ ದೊರೆಯುವ ಅವಕಾಶವನ್ನು ಬಳಸಿಕೊಂಡವರನ್ನು ದೂಷಿಸುವುದೂ ಸಲ್ಲದು. ಆದರೆ ಪರದೇಶದ ಪೌರತ್ವವನ್ನು ಸ್ವೇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ಹೋಗುತ್ತದೆಂಬುದನ್ನು ತಿಳಿದೇ ನಿರ್ಧರಿಸಬೇಕು. 2022ನೆಯ ಒಂದೇ ವರ್ಷ 2,25,620 ಭಾರತೀಯರು ಅದನ್ನು ತ್ಯಜಿಸಿದರೆಂದು ಸರಕಾರವೇ ಸಂಸತ್ತಿಗೆ ತಿಳಿಸಿದೆ. ಹೋದವರು ಅಲ್ಲಿ ವೇಣುಗ್ರಾಮದ ಲಾಳ ವರ್ತಕರಂತೆ ಊರವರೊಡನೆ ಕೂಡಿ ಬಾಳಲಿ. ಇಲ್ಲಿಗೆ ದುಡಿಯಲು ಬಂದವರನ್ನು ನಾವು ಪಾವಿಟ್ಟಗೆಯ ಜನರಂತೆ ಆದರಿಸೋಣ. ಸಾಲೋಟಗಿಯ ಊರವರು ತಮ್ಮ ಮದುವೆಯ ಸಂಭ್ರಮದಲ್ಲಿ ತೆಗೆದಿರಿಸಿದ ಐದು ನಾಣ್ಯಗಳು, ಇಂದಿನ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿಯುವಂಥವು.